ಬಿಚ್ಚಿದ ಕಟ್ಟು

ಕಡತ ಎಂದರೆ ಇಂದು ನಮಗೆ ನೆನಪಾಗುವುದು ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕವಾಗಿತ್ತು. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ಮಡಿಸುತ್ತ ಹೋದರೆ ಕಪ್ಪು ಪುಟಗಳ ಕಂತೆ ಸಿದ್ಧವಾಗುತ್ತಿತ್ತು. ಬರೆಯುವುದು ಬಳಪದಲ್ಲಿ. ಬಿಡಿಸಿದರೆ ಜಗಲಿಯ ಉದ್ದಕ್ಕೂ ಹಾಸುವಷ್ಟು, ಮಡಿಸಿದರೆ ಕಂಕುಳಲ್ಲಿ ಹಿಡಿಯುವಷ್ಟು. ಮಠಗಳಲ್ಲಿ, ಸಾಹುಕಾರರ ಅಂಗಡಿಗಳಲ್ಲಿ ಲೆಕ್ಕಪತ್ರವೆಲ್ಲ ಅದರಲ್ಲೇ ನಡೆಯುತ್ತಿತ್ತು. ಕಡತಕ್ಕೆ ಒಂದು ಗುಣವಿದೆ: ಅದರಿಂದ ಒಂದೇ ಒಂದು ಪುಟವನ್ನು ಕಿತ್ತುಕೊಂಡು ಹೋಗಲು ಬರುವುದಿಲ್ಲ. ಒಂದು ಪುಟ ಬೇಕೆಂದರೆ ಬಟ್ಟೆಯನ್ನೇ ಹರಿಯಬೇಕು. ಹಳೆಯ ಪತ್ರಗಳ ಬಗ್ಗೆ ನಾನು ಹೇಳಬೇಕೆಂದಿರುವುದೆಲ್ಲ ಈ ಗುಣದ ಸುತ್ತಲೇ ಇದೆ.

1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದ ಹಳೆಯ ದಾಖಲೆಗಳನ್ನು ಪರಿಶೀಲಿಸಿದರು. ಟಿಪ್ಪು ಸುಲ್ತಾನ ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಸುಮಾರು 30 ಪತ್ರಗಳು ಅವರಿಗೆ ಅಲ್ಲಿ ಸಿಕ್ಕಿದವು. ಟಿಪ್ಪುವಿನ ಕಾಲದಲ್ಲಿ ಪೀಠದಲ್ಲಿದ್ದವರು ಮೂರನೆಯ ಸಚ್ಚಿದಾನಂದ ಭಾರತಿಗಳು. 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ನಡುವೆ, ಪರಶುರಾಮ ಭಾವು ಪಟವರ್ಧನನ ಮರಾಠಾ ಸೈನ್ಯದ ಬೆನ್ನಿಗೆ ಬಂದ ಪಿಂಡಾರಿಗಳು ಶೃಂಗೇರಿಯನ್ನು ಲೂಟಿ ಮಾಡಿದರು. ಜನ ಸತ್ತರು, ಶಾರದೆಯ ವಿಗ್ರಹವನ್ನು ಸ್ಥಾನದಿಂದ ಕದಲಿಸಲಾಯಿತು. ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ಅಲ್ಲಿಂದ ಟಿಪ್ಪುವಿಗೆ ಬರೆದರು. ಟಿಪ್ಪು ಉತ್ತರ ಬರೆಸಿದ. ಶಾರದೆಯ ಪುನಃಪ್ರತಿಷ್ಠೆಗೆಂದು 200 ರಹತಿ ನಗದನ್ನೂ ಬೇಕಾದ ಸಾಮಗ್ರಿಯನ್ನೂ ಕೊಡುವಂತೆ ಬಿದನೂರಿನ ಅಧಿಕಾರಿ ಆಸಫನಿಗೆ ಅಪ್ಪಣೆಯಾಯಿತು. ರಾಜ್ಯದ ಕ್ಷೇಮಕ್ಕೂ ಶತ್ರುಗಳ ನಾಶಕ್ಕೂ ಚಂಡಿ ಜಪ ನಡೆಸಬೇಕೆಂದು ಸ್ವಾಮಿಗಳಲ್ಲಿ ಕೇಳಿಕೊಂಡದ್ದೂ ಇದೇ ಪತ್ರಗಳಲ್ಲಿದೆ.

ಮಠದ ಕಟ್ಟಿನಿಂದ ಹೊರಬಂದ ದಿನದಿಂದ ಈ ಪತ್ರಗಳಿಗೆ ಬಿಡುವಿಲ್ಲ. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿ 2019ರಲ್ಲಿ ನಿಲ್ಲಿಸುವವರೆಗಿನ ವರ್ಷಗಳಲ್ಲಂತೂ ನವೆಂಬರ್ ಬಂತೆಂದರೆ ಶೃಂಗೇರಿಯ ಒಂದೊಂದು ಕಾಗದವೂ ವೇದಿಕೆಯಿಂದ ವೇದಿಕೆಗೆ ಓಡಾಡಿತು. ಒಬ್ಬರು ಅದನ್ನು ಎತ್ತಿ ಹಿಡಿದು ಇವನು ಎಲ್ಲ ಧರ್ಮಗಳನ್ನೂ ಗೌರವಿಸಿದ ದೊರೆ ಎಂದರು. ಇನ್ನೊಬ್ಬರು ಅದೇ ಕಾಗದವನ್ನು ಹಿಡಿದು, ಶತ್ರು ಬಾಗಿಲಿಗೆ ಬಂದಾಗ ಭಯದಿಂದ ಬರೆಸಿದ್ದು ಎಂದರು. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಕಾರ್ನ್‌ವಾಲಿಸನ ವಶವಾಗಿತ್ತು ಎಂಬುದನ್ನು ನೆನೆದರೆ ಆ ಭಯದ ಮಾತನ್ನು ಸುಮ್ಮನೆ ತಳ್ಳಿಹಾಕಲೂ ಆಗುವುದಿಲ್ಲ. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಹಾಳೆ, ಇಬ್ಬರೂ ಅದನ್ನು ಓದಿದ್ದರು. ಆದರೆ ಅದರ ಹಿಂದಿನ, ಮುಂದಿನ ಹಾಳೆಗಳನ್ನು ಇಬ್ಬರೂ ಕೇಳಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಪತ್ರರಾಶಿ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಪುಸ್ತಕ ಭಂಡಾರವೂ ದಫ್ತರವೂ ಕಂಪನಿಯವರ ಕೈಸೇರಿದವು. ಪುಸ್ತಕಗಳಿಗೆ ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ವಿವರಣಾತ್ಮಕ ಪಟ್ಟಿ ಪ್ರಕಟಿಸಿದ. ಟಿಪ್ಪು ತನ್ನ ಅಧಿಕಾರಿಗಳಿಗೆ ಪಾರಸಿಯಲ್ಲಿ ಬರೆಸಿದ ಪತ್ರಗಳಲ್ಲಿ ಕೆಲವನ್ನು ಆಯ್ದು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ತಂದು 1811ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿಸಿದ. ಪುಸ್ತಕದ ಹೆಸರಲ್ಲೇ ‘ಆಯ್ದ ಪತ್ರಗಳು’ ಎಂದಿದೆ. ಆಯ್ದವನು ಟಿಪ್ಪುವನ್ನು ಸೋಲಿಸಿದ ಸೈನ್ಯದವನು, ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಹತ್ತಿರದವನು. ಟಿಪ್ಪುವಿನ ಸ್ವಭಾವದ ಬಗ್ಗೆ ಅವನಿಗೆ ಮೊದಲೇ ಒಂದು ತೀರ್ಪಿತ್ತು, ಮುನ್ನುಡಿಯಲ್ಲಿ ಅದನ್ನು ಮುಚ್ಚಿಟ್ಟಿಲ್ಲ. ಕೊಡಗಿನ ಜನರ ಮೇಲೆ ಹೊರಡಿಸಿದ ಕಠೋರ ಆಜ್ಞೆಗಳು ಆ ಪುಸ್ತಕದಲ್ಲಿವೆ. ಅವು ಸುಳ್ಳೆಂದು ಹೇಳಲು ನನಗೆ ಕಾರಣವಿಲ್ಲ, ಓದಿದಾಗ ಮನಸ್ಸು ಕಹಿಯಾಗುತ್ತದೆ. ಅದೇ ಪುಸ್ತಕದಲ್ಲಿ 1786ರ ಒಂದು ಪತ್ರ ರೇಷ್ಮೆಹುಳುಗಳ ಬಗ್ಗೆ ಇದೆ. ಬಂಗಾಳಕ್ಕೆ ಹುಳು ತರಲು ಹೋದವರು ಹಿಂತಿರುಗುತ್ತಿದ್ದಾರೆ, ಹುಳುಗಳನ್ನು ಸಾಕಲು ತಕ್ಕ ಜಾಗ ಹುಡುಕು ಎಂದು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದದ್ದು. ಇಂದಿನ ರಾಮನಗರದ ಗೂಡಿನ ಮಾರುಕಟ್ಟೆಗೂ ಆ ಕಾಗದಕ್ಕೂ ನಂಟಿದೆ. ಆದರೆ ಜಗಳಕ್ಕೆ ನಿಂತವರ ಕೈಯಲ್ಲಿ ಈ ಪತ್ರ ಕಾಣುವುದು ಅಪರೂಪ. ಯಾರ ಪಕ್ಷಕ್ಕೂ ಒದಗದ ಕಾಗದ ಅದು.

ಹಾಗಾದರೆ ಟಿಪ್ಪು ಯಾರು ಎಂದು ಕೇಳಿದರೆ, ಆ ತೀರ್ಪನ್ನು ನಾನಿಲ್ಲಿ ಕೊಡಲು ಹೊರಟಿಲ್ಲ. ನನ್ನ ಮಾತು ಕಾಗದಗಳ ಬಗ್ಗೆ. ಒಂದು ಪತ್ರವನ್ನು ಅದು ಇದ್ದ ಕಟ್ಟಿನಿಂದ ಬಿಡಿಸಿದ ಕ್ಷಣದಿಂದ ಅದು ಹಿಡಿದವನ ಪರವಾಗಿ ಮಾತಾಡತೊಡಗುತ್ತದೆ. ಆದ್ದರಿಂದ ಹಳೆಯ ಪತ್ರಗಳನ್ನು ಉಳಿಸುವುದು ಎಂದರೆ ಮಹತ್ವದ ಪತ್ರಗಳನ್ನು ಆರಿಸಿ ಗಾಜಿನ ಪೆಟ್ಟಿಗೆಯಲ್ಲಿಡುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿರುವುದು ದೊಡ್ಡ ತಪ್ಪು. ಉಳಿಸಬೇಕಾದ್ದು ಕಟ್ಟನ್ನು. ಯಾರು ಕಟ್ಟಿದರೋ, ಯಾವುದರ ಜೊತೆ ಯಾವುದನ್ನು ಇಟ್ಟರೋ, ಹಾಗೆಯೇ.

ಶೃಂಗೇರಿಯ ವಿಷಯಕ್ಕೇ ಮತ್ತೆ ಬರುತ್ತೇನೆ, ಏಕೆಂದರೆ ಕಟ್ಟು ಉಳಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡನಾಡಿನಲ್ಲಿ ನನಗೆ ಕಾಣದು. ಮಠ ಉಳಿಸಿಕೊಂಡದ್ದು ಟಿಪ್ಪುವಿನ ಕಾಗದಗಳನ್ನು ಮಾತ್ರವಲ್ಲ. ಕೆಳದಿಯ ಅರಸರು ಬರೆಸಿದವು ಅಲ್ಲಿವೆ. ಹೈದರಾಲಿಯವೂ ಪೇಶ್ವೆಗಳವೂ ಇವೆ. 1799ರ ನಂತರ ಪೂರ್ಣಯ್ಯನವರು, ಮುಮ್ಮಡಿ ಕೃಷ್ಣರಾಜ ಒಡೆಯರು ಬರೆಸಿದವೂ ಇವೆ. ಎ. ಕೆ. ಶಾಸ್ತ್ರಿಯವರು ಇವನ್ನು ವರ್ಷಗಟ್ಟಲೆ ಓದಿದರು. ಅವರು ಸಂಪಾದಿಸಿದ ಮಠದ ದಾಖಲೆಗಳ ಸಂಪುಟವನ್ನು 2009ರಲ್ಲಿ ಮಠವೇ ಪ್ರಕಟಿಸಿತು. ದೊರೆ ಬದಲಾದರೂ ಮಠದ ದಫ್ತರ ಬದಲಾಗಲಿಲ್ಲ. ಹೊಸ ದೊರೆಯ ನಿರೂಪ ಬಂದಾಗ ಅದು ಹಳೆಯ ದೊರೆಯ ನಿರೂಪದ ಮೇಲೆಯೇ ಕೂತಿತು.

ಈ ಸಾಲಿನಲ್ಲಿಟ್ಟು ಓದಿದಾಗ ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ. ಯಾವ ಬಿನ್ನಹ ಎಲ್ಲ ದೊರೆಗಳೂ ಮಠಕ್ಕೆ ಬರೆಯುವಾಗ ಬಳಸುತ್ತಿದ್ದ ರೂಢಿಯ ಮಾತು, ಯಾವುದು ಆ ಗಳಿಗೆಗೆ ಹುಟ್ಟಿದ್ದು? ಹಿಂದಿನ ದೊರೆ ಬಿಟ್ಟುಕೊಟ್ಟ ಉಂಬಳಿಯನ್ನು ಈ ದೊರೆ ಮುಂದುವರಿಸಿದನೇ, ಮೊಟಕು ಮಾಡಿದನೇ? ಯುದ್ಧ ಮುಗಿದ ಮೇಲೂ ಬರೆದನೇ? ಕೊನೆಯ ಪ್ರಶ್ನೆಗೆ ಕಟ್ಟಿನಲ್ಲೇ ಉತ್ತರವಿದೆ: ಯುದ್ಧದ ನಂತರ ಬರೆಸಿದ ಪತ್ರಗಳೂ ಅಲ್ಲಿವೆ. ಸ್ವಾಮಿಗಳನ್ನು ಜಗದ್ಗುರುಗಳೆಂದು ಕರೆದು, ಇಂಥ ಮಹನೀಯರು ಇರುವ ನಾಡಿನಲ್ಲಿ ಮಳೆಬೆಳೆ ಚೆನ್ನಾಗಿರುತ್ತದೆ ಎನ್ನುವ ಧಾಟಿಯ ಮಾತು ಈ ಪತ್ರಗಳಲ್ಲಿದೆ. ‘ಬರೀ ಭಯ’ ಎಂಬ ವಾದ ಇದರ ಮುಂದೆ ಬಡವಾಗುತ್ತದೆ. ಆದರೆ ‘ಬರೀ ಭಕ್ತಿ’ ಎಂಬ ವಾದವೂ ನಿಲ್ಲುವುದಿಲ್ಲ. ಕೆಳದಿಯ ಕಾಲದಿಂದ ಆ ಸೀಮೆಯಲ್ಲಿ ಮಠಕ್ಕಿದ್ದ ಮಾತಿನ ತೂಕ ಎಷ್ಟೆಂಬುದು ಪಕ್ಕದ ಕಾಗದಗಳಿಂದಲೇ ತಿಳಿಯುತ್ತದೆ, ರಾಜ್ಯವಾಳುವವನು ಆ ತೂಕವನ್ನು ಲೆಕ್ಕಕ್ಕೆ ಹಿಡಿಯದೆ ಇರಲಾರ. ಹಾಗೆಯೇ 1791ರ ಶೃಂಗೇರಿ ಲೂಟಿಯ ಪ್ರಸ್ತಾಪ ಮರಾಠರ ಕಡೆಯ ಕಾಗದಗಳಲ್ಲೂ ಇದೆ. ಪಟವರ್ಧನರ ಮನೆತನದ ಪತ್ರಗಳನ್ನು ಮೀರಜಿನ ವಾಸುದೇವ ವಾಮನ ಖರೆ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸದೆ ಇದ್ದಿದ್ದರೆ ಆ ಕಡೆಯವರು ತಮ್ಮತಮ್ಮಲ್ಲಿ ಏನು ಬರೆದುಕೊಂಡರು ಎಂಬುದು ನಮಗೆ ಕೇಳಿಸುತ್ತಲೇ ಇರಲಿಲ್ಲ. ಪತ್ರ ಎಂದರೆ ಸಂಭಾಷಣೆಯ ಒಂದು ತುದಿ. ಇನ್ನೊಂದು ತುದಿಯನ್ನು ಹುಡುಕದವನು ಅರ್ಧ ಮಾತು ಕೇಳಿ ಎದ್ದುಹೋದಂತೆ.

ಇಷ್ಟು ಒತ್ತಿ ಹೇಳಲು ನನಗೆ ಇನ್ನೊಂದು ಕಾರಣವಿದೆ. ನಾನೇ ಒಂದು ಕಟ್ಟನ್ನು ಬಿಚ್ಚಿದವನು.

ಅಜ್ಜ ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ರಜೆಯಲ್ಲಿ ಊರಿಗೆ ಹೋದವನು ಅಟ್ಟದ ಮೇಲಿದ್ದ ಅವರ ಕಾಗದಗಳನ್ನು ಕೆಳಗಿಳಿಸಿದೆ. ಕೆಂಪು ಪಂಚೆಯ ತುಂಡಿನಲ್ಲಿ ಸುತ್ತಿ ಬಾಳೆ ನಾರಿನಿಂದ ಕಟ್ಟಿದ ಏಳು ಕಟ್ಟುಗಳು. ಅಂಗಳದಲ್ಲಿ ಚಾಪೆ ಹಾಸಿಕೊಂಡು ಎರಡು ದಿನ ಕೂತು ಎಲ್ಲವನ್ನೂ ವಿಂಗಡಿಸಿದೆ. ಇನ್‌ಲ್ಯಾಂಡ್ ಪತ್ರಗಳದ್ದು ಒಂದು ರಾಶಿ, ಕಾರ್ಡುಗಳದ್ದು ಒಂದು, ಕಂದಾಯದ ರಸೀದಿಗಳದ್ದು ಒಂದು, ಅಡಿಕೆ ಮಂಡಿಯ ಪಟ್ಟಿಗಳದ್ದು ಒಂದು, ಮನಿಯಾರ್ಡರ್ ರಸೀದಿಗಳದ್ದು ಇನ್ನೊಂದು. ಮಡಿಚಿದ್ದನ್ನೆಲ್ಲ ಬಿಡಿಸಿ, ಮಟ್ಟಸ ಮಾಡಿ, ಹೊಸ ರಟ್ಟಿನ ಪೆಟ್ಟಿಗೆಗಳಲ್ಲಿ ಇಟ್ಟೆ. ನಾರನ್ನೂ ಬಟ್ಟೆಯನ್ನೂ ಹೊರಗೆ ಎಸೆದೆ. ಮನೆಯವರೆಲ್ಲ ಮೆಚ್ಚಿದರು.

ನಾಲ್ಕೈದು ವರ್ಷದ ಮೇಲೆ ಅತ್ತೆ ಬಂದಿದ್ದಾಗ ಕೇಳಿದರು: “ಮಾಣಿ, ನನ್ನ ಮೊದಲ ಬಾಣಂತನದಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಅಪ್ಪಯ್ಯ ದುಡ್ಡು ಕಳಿಸಿದ್ದ. ಅದನ್ನು ಎಲ್ಲಿಂದ ಹೊಂದಿಸಿದ ಅಂತ ಆ ಕಾಗದದಲ್ಲಿ ಏನಾದರೂ ಇದೆಯೇನೋ ನೋಡು. ಅಮ್ಮನ ಅವಲಕ್ಕಿ ಸರ ಮಾರಿದ ಅಂತ ಎಲ್ಲರೂ ಹೇಳ್ತಾರೆ.” ಅವರು ಅದನ್ನು ಸಲೀಸಾಗಿ ಕೇಳಿದರೂ ಆ ಪ್ರಶ್ನೆ ನಲವತ್ತು ವರ್ಷದಿಂದ ಅವರ ಎದೆಯಲ್ಲಿತ್ತು ಎಂಬುದು ಮುಖದಲ್ಲೇ ಕಾಣುತ್ತಿತ್ತು. ನಾನು ಪೆಟ್ಟಿಗೆ ತೆಗೆದೆ. ಮಾವ ಅಂದರೆ ಅತ್ತೆಯ ಗಂಡ ಬರೆದ ಇನ್‌ಲ್ಯಾಂಡ್‌ಗಳಿದ್ದವು. ಮನಿಯಾರ್ಡರ್ ರಸೀದಿಗಳಿದ್ದವು. ಬೆಳೆಯ ಮೇಲೆ ಮುಂಗಡ ತೆಗೆದುಕೊಂಡ ಮಂಡಿ ಪಟ್ಟಿಗಳೂ ಇದ್ದವು, ಬೇರೆ ಬೇರೆ ವರ್ಷದವು, ಕೆಲವಕ್ಕೆ ತಾರೀಕು ಅಳಿಸಿಹೋಗಿತ್ತು. ಯಾವ ಮುಂಗಡ ಯಾವ ಮನಿಯಾರ್ಡರಿಗಾಗಿ? ಆಗ ನೆನಪಾಯಿತು. ವಿಂಗಡಿಸಿದ ಆ ಎರಡು ದಿನಗಳಲ್ಲಿ ಒಂದು ಇನ್‌ಲ್ಯಾಂಡಿನ ಮಡಿಕೆಯೊಳಗೆ ಒಂದು ಮಂಡಿ ಪಟ್ಟಿ ಸಿಕ್ಕಿತ್ತು. ಅದು ಅಲ್ಲಿ ತಪ್ಪಿ ಸೇರಿದೆ ಎಂದುಕೊಂಡು ನಾನು ತೆಗೆದು ಪಟ್ಟಿಗಳ ರಾಶಿಗೆ ಹಾಕಿದ್ದೆ. ತಪ್ಪಿ ಸೇರಿದ್ದಲ್ಲ ಅದು. ಅಜ್ಜ ಇಟ್ಟದ್ದು. ಅಜ್ಜ ಡೈರಿ ಬರೆದವರಲ್ಲ; ಯಾವ ಕಾಗದದೊಳಗೆ ಯಾವ ಕಾಗದ ಇಡಬೇಕು ಎಂಬುದರಲ್ಲೇ ಅವರ ಡೈರಿ ಇತ್ತು. ಒಂದೂ ಅಕ್ಷರ ಅಳಿಸದೆ ಅದನ್ನು ನಾನು ಅಳಿಸಿದ್ದೆ.

ಪತ್ರಾಗಾರದ ಕೆಲಸ ಬಲ್ಲವರಿಗೆ ಇದು ಹಳೆಯ ಪಾಠ. ಫ್ರಾನ್ಸಿನಲ್ಲಿ 1841ರಲ್ಲೇ ಒಂದು ಸುತ್ತೋಲೆ ಹೊರಟಿತು: ಒಂದು ಮನೆತನದಿಂದ, ಒಂದು ಸಂಸ್ಥೆಯಿಂದ ಬಂದ ಕಾಗದಗಳನ್ನು ಒಟ್ಟಿಗೇ ಇಡಬೇಕು, ವಿಷಯವಾರು ಹರಿದು ಹಂಚಿ ಬೇರೆಯವರ ಕಾಗದಗಳ ಜೊತೆ ಕಲೆಸಬಾರದು ಎಂದು. ಅದಕ್ಕೆ ಮೊದಲು ಅಲ್ಲೂ ವಿದ್ವಾಂಸರು ನನ್ನಂತೆಯೇ ವಿಂಗಡಿಸುತ್ತಿದ್ದರು. ಮುಂದೆ ಆ ನಿಯಮ ಜಗತ್ತಿನ ಪತ್ರಾಗಾರಗಳ ಮೂಲ ತತ್ವವಾಯಿತು. ಪುಸ್ತಕವನ್ನು ಎಲ್ಲಿಟ್ಟರೂ ಅದರ ಅರ್ಥ ಕೆಡುವುದಿಲ್ಲ. ಕಾಗದದ ಮಾತು ಬೇರೆ, ಅದರ ಅರ್ಥದ ಒಂದು ಪಾಲು ಪಕ್ಕದ ಕಾಗದದಲ್ಲಿರುತ್ತದೆ. ನಮ್ಮಲ್ಲಿ ಪತ್ರಗಳನ್ನು ಗ್ರಂಥಾಲಯದ ಕಣ್ಣಿನಿಂದ ನೋಡುವವರು ಹೆಚ್ಚು. ಅದಕ್ಕೇ ‘ಅಪರೂಪದ ಪತ್ರಗಳು’ ಎಂಬ ಸಂಕಲನಗಳು ಬರುತ್ತವೆ, ಮೂಲ ಕಟ್ಟುಗಳು ಕರಗುತ್ತವೆ.

ಅಚ್ಚಿನಲ್ಲೂ ಕ್ರಮಕ್ಕೆ ಬೆಲೆಯಿದೆ ಎಂಬುದಕ್ಕೆ ಗಾಂಧೀಜಿಯವರ ಸಮಗ್ರ ಬರಹಗಳೇ ಸಾಕ್ಷಿ. ಇಂಗ್ಲಿಷಿನಲ್ಲಿ ಮೊದಲ ಸಂಪುಟ 1958ರಲ್ಲಿ ಬಂತು, ನೂರನೆಯದು 1994ರಲ್ಲಿ. ಅದರ ಬಹುಭಾಗ ಪ್ರಧಾನ ಸಂಪಾದಕ ಕೆ. ಸ್ವಾಮಿನಾಥನ್ ಅವರ ಕಾಲದ್ದು. ಒಂದು ಸಾಲಿನ ಕಾರ್ಡೂ, ಮೇಕೆ ಹಾಲಿನ ಬಗ್ಗೆ ಬರೆದ ಚೀಟಿಯೂ, ವೈಸ್‌ರಾಯ್‌ಗೆ ಬರೆದ ಪತ್ರವೂ ತಾರೀಕಿನ ಪ್ರಕಾರ ಒಂದರ ಪಕ್ಕ ಒಂದು. ಆಮೇಲೆ ಪರಿಷ್ಕೃತ ಆವೃತ್ತಿಯೊಂದು ಸಿಡಿ ರೂಪದಲ್ಲೂ ಬಂದಾಗ ವಿದ್ವಾಂಸರು ಹಳೆಯದರ ಜೊತೆ ಇಟ್ಟು ನೋಡಿದರು. ಹಲವು ನಮೂದುಗಳು ಬಿಟ್ಟುಹೋಗಿದ್ದವು, ಜೋಡಣೆ ಬದಲಾಗಿತ್ತು. ಪ್ರತಿಭಟನೆ ನಡೆದು ಸರ್ಕಾರ ಆ ಆವೃತ್ತಿಯನ್ನು ಹಿಂತೆಗೆದುಕೊಂಡಿತು. ಬಿಟ್ಟುಹೋದವುಗಳಲ್ಲಿ ಎಷ್ಟೋ ಚಿಕ್ಕಪುಟ್ಟ ಬರಹಗಳಿರಬಹುದು. ಆದರೂ ಜನ ಜಗಳವಾಡಿದ್ದು ಸರಿ. ಬೆಳಿಗ್ಗೆ ಸಾಮ್ರಾಜ್ಯಕ್ಕೆ ಬರೆದವನು ಅದೇ ದಿನ ಆಶ್ರಮದ ಹುಡುಗನೊಬ್ಬನ ಹೊಟ್ಟೆನೋವಿನ ಬಗ್ಗೆ ಏನು ಬರೆದ ಎಂಬುದು ಪಕ್ಕದಲ್ಲಿ ಇದ್ದರೆ ತಾನೇ ಗಾಂಧಿ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರದ್ದಲ್ಲ. ಕಟ್ಟನ್ನು ಇಡಿಯಾಗಿ ಉಳಿಸಿದರೆ ಅದರಲ್ಲಿ ಯಾರೂ ನೋಡಬಾರದ್ದೂ ಉಳಿಯುತ್ತದೆ. ಟಿಪ್ಪುವಿನದೇ ಇನ್ನೊಂದು ಕಾಗದ ನೋಡಿ. ಅವನು ತನ್ನ ಕೈಯಾರೆ ಪಾರಸಿಯಲ್ಲಿ ತನ್ನ ಕನಸುಗಳನ್ನು ಬರೆದಿಡುತ್ತಿದ್ದ ಒಂದು ಚಿಕ್ಕ ಪುಸ್ತಕ, ಕೋಟೆ ಬಿದ್ದ ಮೇಲೆ, ಅರಮನೆಯ ಗುಪ್ತ ಕಾಗದಗಳಲ್ಲಿ ಸಿಕ್ಕಿತು. ಅವನ ಮುನ್ಷಿ ಹಬೀಬುಲ್ಲಾನಿಗೆ ಅಂಥದೊಂದು ಇದೆ ಎಂಬುದು ಮಾತ್ರ ಗೊತ್ತಿತ್ತು. ಅದನ್ನು ಓದುವಾಗ ಬರೆಯುವಾಗ ಯಾರಾದರೂ ಹತ್ತಿರ ಬಂದರೆ ಸುಲ್ತಾನ ಮುಚ್ಚಿಡುತ್ತಿದ್ದ. ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಯಾರು ಬೇಕಾದರೂ ಓದಬಹುದು. ಒಬ್ಬ ಮನುಷ್ಯ ಜೀವವಿರುವವರೆಗೆ ಅಂಗೈಯಲ್ಲಿ ಮುಚ್ಚಿಕೊಂಡಿದ್ದನ್ನು ಗೆದ್ದವರು ಬಿಡಿಸಿ ನೋಡಿದರು ಎಂಬ ಸಂಕಟ ನನಗೆ ಆ ಪುಸ್ತಕದ ಬಗ್ಗೆ ಓದುವಾಗಲೆಲ್ಲ ಆಗುತ್ತದೆ. ಇನ್ನೂರು ವರ್ಷ ದಾಟಿದ ಮೇಲೆ ಆ ಸಂಕಟ ಇತಿಹಾಸದ ಉಪಯೋಗದ ಮುಂದೆ ಸಣ್ಣದಾಗಿರಬಹುದು. ಆದರೆ ನಿನ್ನೆ ಮೊನ್ನೆ ತೀರಿಕೊಂಡವರ ಪತ್ರಗಳಲ್ಲಿ ಬದುಕಿರುವವರ ಮಾನ ಇದೆ.

ನಮ್ಮ ಮನೆಗಳು ಈ ಸಮಸ್ಯೆಗೆ ಸೋಸುವುದನ್ನೇ ಉತ್ತರವಾಗಿ ಕಂಡುಕೊಂಡಿವೆ. ಮದುವೆಯ ಕಾಗದದ ಮೂಲೆಗೆ ಅರಿಶಿನ ಹಚ್ಚುತ್ತಾರೆ, ಅದು ಪೆಟ್ಟಿಗೆ ಸೇರುತ್ತದೆ. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಹಾಕಬೇಕು, ಮನೆಯೊಳಗೆ ಇಡಬಾರದು. ಹಾಗಾಗಿ ನಮ್ಮ ಹಳೆಯ ಮನೆಗಳ ಕಾಗದಗಳಲ್ಲಿ ಜನ ಹುಟ್ಟುತ್ತಾರೆ, ಓದುತ್ತಾರೆ, ಮದುವೆಯಾಗುತ್ತಾರೆ, ಸಾಯುವುದಿಲ್ಲ. ಒಂದು ದಿನ ಅವರ ಪತ್ರ ಬರುವುದು ನಿಲ್ಲುತ್ತದೆ ಅಷ್ಟೆ. ಸೊಸೆಯಂದಿರು ತವರಿಗೆ ಬರೆದ ದುಃಖದ ಪತ್ರಗಳನ್ನು ಅವರ ಅಮ್ಮಂದಿರು ಒಲೆಗೆ ಹಾಕಿದರು, ಗಂಡನ ಮನೆಯವರ ಕಣ್ಣಿಗೆ ಬಿದ್ದೀತೆಂಬ ಹೆದರಿಕೆಯಿಂದ. ಸಾಲದ ಪತ್ರ ತೀರಿದ ಮೇಲೆ ಹರಿದರು, ತೀರದಿದ್ದರೆ ಅವಮಾನವೆಂದು ಹರಿದರು. ಪ್ರತಿಯೊಂದಕ್ಕೂ ಅರ್ಥವಾಗುವ ಕಾರಣವಿದೆ, ಪ್ರೀತಿಯೂ ಇದೆ. ಒಟ್ಟು ಸೇರಿದಾಗ ಮಾತ್ರ ಉಳಿಯುವುದು ಕ್ಷೇಮಸಮಾಚಾರವೊಂದೇ.

ನನ್ನ ಅಭಿಪ್ರಾಯ ಇಷ್ಟು: ಸೋಸಬೇಡಿ, ಬೀಗ ಹಾಕಿ. ಕಟ್ಟನ್ನು ಹಾಗೆಯೇ ಕೊಟ್ಟು, ಇಂತಿಷ್ಟು ವರ್ಷ ಯಾರೂ ತೆಗೆಯಬಾರದು ಎಂಬ ಕರಾರು ಬರೆಸಿಕೊಳ್ಳಿ. ಮೂವತ್ತು ವರ್ಷ, ಐವತ್ತು ವರ್ಷ, ಹೆಸರು ಬಂದವರೆಲ್ಲ ತೀರಿಹೋಗುವವರೆಗೆ. ಜಗತ್ತಿನ ಒಳ್ಳೆಯ ಪತ್ರಾಗಾರಗಳು ಇಂಥ ಕರಾರನ್ನು ಗೌರವಿಸುತ್ತವೆ. ಹರಿದದ್ದು ಯಾವ ವರ್ಷಕ್ಕೂ ತೆರೆಯುವುದಿಲ್ಲ, ಮುಚ್ಚಿದ್ದು ತೆರೆಯುತ್ತದೆ. ಒಬ್ಬ ದೊಡ್ಡ ಲೇಖಕರ ಮಕ್ಕಳು ಅಪ್ಪನ ಕಾಗದಗಳಲ್ಲಿ ‘ಬೇಡದ್ದನ್ನು’ ತೆಗೆದು ಮಿಕ್ಕದ್ದನ್ನು ಕೊಟ್ಟೆವು ಎಂದು ನೆಮ್ಮದಿಯಿಂದ ಹೇಳಿದ್ದನ್ನು ನಾನು ಕೇಳಿದ್ದೇನೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಯಾವುದು ಬೇಡದ್ದು ಎಂದು ತೀರ್ಮಾನಿಸುವ ಅಧಿಕಾರ ಆ ಹತ್ತಿರದ ಕಣ್ಣಿಗೆ ಇರಬಾರದು. ಕರ್ಕ್‌ಪ್ಯಾಟ್ರಿಕ್ ದ್ವೇಷದಿಂದ ಆಯ್ದ, ಮಕ್ಕಳು ಮಮತೆಯಿಂದ ಆಯ್ದರು. ಎರಡರಲ್ಲೂ ಮನುಷ್ಯ ಅರ್ಧವಾದ.

ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ 1993ರಲ್ಲಿ ತೀರಿಕೊಂಡ ಎ. ಕೆ. ರಾಮಾನುಜನ್ ಅವರ ಕಾಗದಗಳು ಅಲ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದೇ ಸಂಗ್ರಹವಾಗಿ ಇವೆ. ಅದರಿಂದಾಗಿಯೇ 2018ರಲ್ಲಿ ಅವರ ದಿನಚರಿ ಪುಸ್ತಕವಾಗಿ ಬರಲು ಸಾಧ್ಯವಾಯಿತು. ಊರಲ್ಲೇ ಉಳಿದು ಬರೆದ ನಮ್ಮ ಎಷ್ಟು ಲೇಖಕರ ಬಗ್ಗೆ ಈ ಮಾತು ಹೇಳಬಹುದು? ಶಾಲು, ಫಲಕಗಳು ಶೋಕೇಸಿನಲ್ಲಿ ಉಳಿಯುತ್ತವೆ, ಹಸ್ತಪ್ರತಿ ಒಬ್ಬರಿಗೆ ಪತ್ರಗಳು ಇನ್ನೊಬ್ಬರಿಗೆ ಹಂಚಿಹೋಗುತ್ತವೆ. ಇಂಥ ಹಂಚಿಕೆ ಹೊಸದೂ ಅಲ್ಲ. ಕಾಲಿನ್ ಮೆಕೆಂಜಿ ಎರಡು ಶತಮಾನದ ಹಿಂದೆ ಮೈಸೂರು ಸೀಮೆಯ ಸರ್ವೆ ಮಾಡುತ್ತ, ಕಾವಲಿ ಸೋದರರಂಥ ಸಹಾಯಕರಿಂದ ಊರೂರಿನ ಕೈಫಿಯತ್ತುಗಳನ್ನು ಬರೆಸಿ ಒಯ್ದ. 1821ರಲ್ಲಿ ಅವನು ಸತ್ತ ಮೇಲೆ ಆ ರಾಶಿ ಲಂಡನ್ನಿಗಷ್ಟು, ಮದರಾಸಿಗಷ್ಟು ಎಂದು ಒಡೆಯಿತು. ಎಂ. ಎಂ. ಕಲಬುರ್ಗಿಯವರು ಕನ್ನಡ ಕೈಫಿಯತ್ತುಗಳನ್ನು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಹೊರತಂದಾಗ ನಮ್ಮೂರುಗಳ ಮಾತು ಎಷ್ಟು ಸುತ್ತಿ ನಮ್ಮ ಬಳಿಗೆ ಬರಬೇಕಾಯಿತು ಎಂದು ನನಗೆ ಅನ್ನಿಸಿತ್ತು.

ಸರ್ಕಾರದ ಕಾಗದಗಳಿಗೆ ಕಾನೂನಿನ ಆಸರೆಯಾದರೂ ಇದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ದಾಖಲೆಯನ್ನು ಅನುಮತಿಯಿಲ್ಲದೆ ನಾಶಮಾಡಿದರೆ 5 ವರ್ಷದವರೆಗೆ ಸೆರೆವಾಸ ಆಗಬಹುದು. ಮನೆಯ ಕಾಗದಕ್ಕೆ ಅಂಥದೇನಿಲ್ಲ, ಇರಲೂ ಬಾರದು; ಅದು ಮನೆಯವರ ಸ್ವತ್ತು. ರದ್ದಿಯವನು ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಾಗ ಅದನ್ನು ತಡೆಯುವುದು ಮನೆಯವರ ಮನಸ್ಸು ಮಾತ್ರ. ಆ ಮನಸ್ಸನ್ನು ಬೆಳೆಸಬೇಕಾದ್ದು ಪತ್ರಾಗಾರಗಳ ಕೆಲಸ ಎಂದು ನಾನು ನಂಬಿದ್ದೇನೆ. ರಾಜ್ಯ ಪತ್ರಾಗಾರ ಇಲಾಖೆ, ವಿಶ್ವವಿದ್ಯಾಲಯಗಳು, ಜಿಲ್ಲೆಯ ಗ್ರಂಥಾಲಯಗಳು ಗಣ್ಯರ ಪತ್ರಗಳಿಗೆ ಕೈಚಾಚಿದಂತೆ ಶಾನುಭೋಗರ, ಮೇಷ್ಟರ, ಸೂಲಗಿತ್ತಿಯ, ಗೇಣಿದಾರನ, ಗಿರಣಿ ಕೆಲಸಕ್ಕೆ ಮುಂಬಯಿಗೆ ಹೋದವನ ಮನೆಯ ಕಟ್ಟುಗಳಿಗೂ ಕೈಚಾಚಬೇಕು. 1974ರ ಭೂಸುಧಾರಣೆಯ ಕಥೆಯನ್ನು ಸರ್ಕಾರದ ಕಡೆಯಿಂದ ಬರೆಯಲು ಡಿಕ್ಲರೇಷನ್ ಫಾರಂಗಳಿವೆ. ಫಾರಂ ತುಂಬಿ ಬಂದ ರಾತ್ರಿ ಒಬ್ಬ ಗೇಣಿದಾರ ಅಣ್ಣನಿಗೆ ಬರೆದ ಕಾರ್ಡು ಎಲ್ಲಿದೆ? ಅದು ಯಾವುದೋ ಮನೆಯ ತಂತಿಗೆ ಚುಚ್ಚಿಕೊಂಡು ಇನ್ನೂ ನೇತಾಡುತ್ತಿರಬಹುದು.

ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟರೆ ಸಾಲದೇ ಎನ್ನುವವರಿದ್ದಾರೆ. ಮಾಡಲೇಬೇಕು, ಮಳೆಗಾಲದ ಮಲೆನಾಡಿನಲ್ಲಿ ಗೆದ್ದಲಿಗಿಂತ ಮುಂಚೆ ಯಾರಾದರೂ ಆ ಕಾಗದವನ್ನು ಮುಟ್ಟುವುದು ಒಳ್ಳೆಯದೇ. ಆದರೆ ಸ್ಕ್ಯಾನ್ ಮಾಡುವವನು ಮೊದಲು ಮಾಡುವ ಕೆಲಸವೇ ನಾನು ಮಾಡಿದ್ದು: ಬಿಚ್ಚುವುದು, ಬಿಡಿಸುವುದು, ಮಟ್ಟಸ ಮಾಡುವುದು. ಕಾರ್ಡಿನ ಬೆನ್ನಿನಲ್ಲಿ ಪೆನ್ಸಿಲಿನಲ್ಲಿ ಕೂಡಿದ ಲೆಕ್ಕ, ಇಸ್ತ್ರಿ ಮಾಡಿದಂತಿದ್ದ ಮಡಿಕೆ, ಒಂದರೊಳಗೆ ಒಂದು ಇದ್ದ ರೀತಿ, ಇವನ್ನು ಬಿಚ್ಚುವ ಮುನ್ನ ಬರೆದಿಟ್ಟುಕೊಳ್ಳದಿದ್ದರೆ ಯಂತ್ರ ಅವನ್ನು ಹಿಡಿಯುವುದಿಲ್ಲ. ಅದಕ್ಕೆ ದೊಡ್ಡ ತರಬೇತಿ ಬೇಡ. ಒಂದು ನೋಟುಪುಸ್ತಕ ಸಾಕು: ಮೊದಲ ಕಟ್ಟು, ಮೇಲಿನಿಂದ ಮೂರನೆಯದು, ಒಳಗೆ ಒಂದು ಪಟ್ಟಿ ಇತ್ತು, ಮತ್ತೆ ಹಾಗೆಯೇ ಇಟ್ಟಿದೆ.

ಅಜ್ಜನ ಕಾಗದಗಳನ್ನೆಲ್ಲ ಈಗ ಮತ್ತೆ ಒಂದೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಮೇಲೆ ಒಂದು ಹಾಳೆಯಲ್ಲಿ, ಈ ಕ್ರಮ ಅಜ್ಜನದಲ್ಲ, ಮೊಮ್ಮಗ ಒಮ್ಮೆ ಇದನ್ನು ಬಿಚ್ಚಿ ವಿಂಗಡಿಸಿದ್ದ, ಈ ವಿಂಗಡಣೆಯ ಮೇಲೆ ಯಾವ ತೀರ್ಮಾನಕ್ಕೂ ಬರಬೇಡಿ ಎಂದು ಬರೆದಿದ್ದೇನೆ. ಅತ್ತೆಗೆ ಈಗ ಎಂಬತ್ತು ದಾಟಿದೆ. ಪ್ರತಿ ಸಲ ಬಂದಾಗಲೂ ಕೇಳುತ್ತಾರೆ. ಭಾನುವಾರಗಳಲ್ಲಿ ನಾನು ಮಂಡಿ ಪಟ್ಟಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಇಷ್ಟು ವರ್ಷ ಮಟ್ಟಸವಾಗಿ ಇಟ್ಟಿದ್ದರೂ ಹಳೆಯ ಮಡಿಕೆಯ ಗೆರೆ ಪೂರ್ತಿ ಹೋಗಿಲ್ಲ. ಆ ಗೆರೆ ಯಾವ ಇನ್‌ಲ್ಯಾಂಡಿನ ಮಡಿಕೆಗೆ ಸರಿಯಾಗಿ ಕೂರುತ್ತದೆ ಎಂದು ಅಳೆದು ನೋಡುತ್ತೇನೆ. ಇದುವರೆಗೆ ಎರಡು ಕೂತಿವೆ. ಎರಡೂ ಅತ್ತೆಯ ಬಾಣಂತನದ ವರ್ಷದವಲ್ಲ.